ನೀರಿನ ಚೀಲ ಹೊತ್ತವನು

“ಬಗ್ಗರಿ ಅಕ್ಕಾರ. ಇನ್ನೂ ಬಗ್ಗರಿ. ಸೈಕಲ್ ಮ್ಯಾಲ ಕುಂತಾಂಗ ಬಗ್ಗಬೇಕು. ನೆಟ್ಟಗ ನಿಂತ್ರ ಎಲ್ಲಾ ಬ್ಯಾಗೂ ಛಲೋನ ಅನಸ್ತಾವು.”

ಸುವರ್ಣಾ ಬಗ್ಗಿದಳು. ನಲವತ್ತು ದಾಟಿದ ಸೊಂಟ ಗೊಣಗದೆ ಬಗ್ಗುತ್ತದೆಯೇ? ಗೊಣಗುತ್ತಲೇ ಬಗ್ಗಿತು. ಜಮಖಂಡಿಯ ಸೈಕಲ್ ಅಂಗಡಿಯಲ್ಲಿ, ಮಟಮಟ ಮಧ್ಯಾಹ್ನ, ಚೂಡಿದಾರದ ಮೇಲೆ ನೀರು ತುಂಬಿದ ಚೀಲ ಹೊತ್ತು, ಹ್ಯಾಂಡಲ್ ಹಿಡಿದು ಬಾಗಿ ನಿಂತ ಹೆಂಗಸನ್ನು ನೋಡಲು ರಸ್ತೆಯಲ್ಲಿ ಇಬ್ಬರು ನಿಂತೇಬಿಟ್ಟರು. ನಿಲ್ಲಲಿ ಬಿಡಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿಯ ಮದುವೆ ಗಂಡುಗಳ ಕುಡಿತ, ಜೂಜು, ಕದ್ದು ಹೂಡಿದ ಸಂಸಾರ ಎಲ್ಲವನ್ನೂ ಪತ್ತೆ ಹಚ್ಚಿ ಹೆಣ್ಣಿನ ಕಡೆಯವರಿಗೆ ಒಪ್ಪಿಸುವುದೇ ಕಸುಬಾದವಳಿಗೆ ಜನ ತಿರುಗಿ ನೋಡುವುದು ಹೊಸದೇನಲ್ಲ.

ಈ ಸಲ ಮಾತ್ರ ಅವಳು ಹುಡುಕುತ್ತಿದ್ದುದು ಗಂಡನ್ನಲ್ಲ, ಗಂಡನನ್ನು. ರಬಕವಿಯ ಗುರುಸಿದ್ದ ತಿಂಗಳ ಹಿಂದೆ ನಸುಕಿನಲ್ಲಿ ಸೈಕಲ್ ಏರಿ ಹೋದವನು ಮನೆಗೆ ತಿರುಗಿ ಬರಲಿಲ್ಲ. ಅವನ ಸೈಕಲ್ಲು, ಹೆಲ್ಮೆಟ್ಟು, ಬೆನ್ನಿಗೆ ಹಾಕುವ ನೀಲಿ ನೀರಿನ ಚೀಲ ಹಿಪ್ಪರಗಿ ಬ್ಯಾರೇಜಿನ ದಂಡೆಯ ಮೇಲೆ ಸಿಕ್ಕವು. ಮೈ ಸಿಗಲಿಲ್ಲ. ಹೊಳೆ ಒಯ್ಯಿತು ಎಂದು ಊರು ತೀರ್ಮಾನಿಸಿಬಿಟ್ಟಿತು.

ಅವನ ತಂದೆ ಶಂಕರೆಪ್ಪ ಹಿರಿಯರನ್ನು ಕೂಡಿಸಿ ಶಾಸ್ತ್ರಕ್ಕೆ ದಿನವನ್ನೂ ಇಟ್ಟಿದ್ದರು. ಮೈ ಸಿಗದಿದ್ದರೆ ಅವನ ಅರಿವೆಯನ್ನಾದರೂ ಮಣ್ಣು ಮಾಡುವುದು, ಸೊಸೆ ಪ್ರೀತಿಯ ತಾಳಿ ತೆಗೆಸುವುದು. ಆ ದಿನ ನಾಳೆ ಮುಂಜಾನೆ.

ಪ್ರೀತಿ ಸುವರ್ಣಾಳ ಬಾಡಿಗೆ ಕೋಣೆಗೆ ಒಬ್ಬಳೇ ಬಂದಿದ್ದಳು. ಚಹಾ ಆರಿ ತಣ್ಣಗಾಗುವವರೆಗೂ ಲೋಟ ಹಿಡಿದು ಕೂತು, ಕೊನೆಗೆ ಒಂದೇ ಮಾತು ಹೇಳಿದ್ದಳು. “ಅವರು ಸತ್ತಾರೋ ಬದುಕ್ಯಾರೋ, ಅಷ್ಟ ಹೇಳ್ರಿ ಅಕ್ಕಾರ. ಗೊತ್ತಿಲ್ಲದ ನನ್ನ ಕೊರಳಿಗೆ ಯಾರೂ ಕೈ ಹಾಕಬಾರದು.”

ಮನೆ ತುಂಬ ಜನ, ಅವಳ ಕಡೆಗೆ ಮಾತ್ರ ಒಬ್ಬರೂ ಇಲ್ಲ. ಸುವರ್ಣಾಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳದೂ ತನಗೊಬ್ಬಳಿಗೇ ರೊಟ್ಟಿ ಬಡಿದುಕೊಳ್ಳುವ ಬಾಳು. ಫೋನು ಬಂದರೆ ಕೆಲಸದ್ದು, ಬಾಗಿಲು ಬಡಿದರೆ ಮನೆ ತಪ್ಪಿ ಬಂದವರದ್ದು. ಆವತ್ತು ಪ್ರೀತಿ ಹೋದ ಮೇಲೆ ಎರಡು ಲೋಟ ತೊಳೆದಿಡುವಾಗ ಯಾಕೋ ಅಳು ಬಂದಿತ್ತು. ಎರಡನೆಯ ಲೋಟ ಹೊರಗೆ ಬಂದು ಎಷ್ಟು ಕಾಲವಾಗಿತ್ತೋ.

ಅದಕ್ಕೇ ಇವತ್ತು ಈ ಅಂಗಡಿಗೆ ಬಂದಿದ್ದಳು. ಸಿಕ್ಕ ಸಾಮಾನುಗಳಲ್ಲಿ ಮೈಗೆ ಅಂಟಿಕೊಂಡಿದ್ದದ್ದು ಆ ಚೀಲ. ಅಂಥದ್ದನ್ನು ಜನ್ಮದಲ್ಲಿ ಹೊತ್ತು ನೋಡದವಳು ಹೊತ್ತವನ ಕಥೆ ಹೇಗೆ ಹೇಳಿಯಾಳು? ಅಂಗಡಿಯ ಯಲ್ಲಾಲಿಂಗ ಗುರುಸಿದ್ದನ ಜೊತೆ ಸವಾರಿ ಮಾಡುತ್ತಿದ್ದವನು, ಆ ಚೀಲ ಮಾರಿದವನೂ ಅವನೇ. ಮೊದಲ ದಿನದಿಂದ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದ. ಗಿರಾಕಿಗೆ ಹೇಗೆ ಆರಿಸಿ ಕೊಡುತ್ತೀಯೋ ಹಾಗೇ ನನಗೂ ಆರಿಸಿ ತೋರಿಸು ಎಂದು ಅವಳು ಕೇಳಿದ್ದಳು.

ಕೇಳಬಾರದಿತ್ತು. ಅಡಿಗೆಯವರ ಮುಂದೆ ಉಪ್ಪಿನ ಮಾತು ತೆಗೆದ ಹಾಗಾಯಿತು. ಮೂರು ಚೀಲ ಕೆಳಗಿಳಿಸಿ, ಒಂದೊಂದನ್ನೂ ಒಳಹೊರಗು ಮಾಡಿ ಯಲ್ಲಾಲಿಂಗ ಹೇಳುತ್ತಲೇ ಹೋದ. ಬಣ್ಣ ನೋಡಿ ಕೊಳ್ಳುವವರು ಹಾಳಾಗುತ್ತಾರೆ, ಹೊಲಿಗೆ ನೋಡಬೇಕು. ಪಟ್ಟಿ ಚೀಲಕ್ಕೆ ಕೂಡುವ ಜಾಗದಲ್ಲಿ ಎರಡು ಸಲ ಹೊಲಿದಿರಬೇಕು, ಇಲ್ಲದಿದ್ದರೆ ಬೀಳಗಿ ಕಡೆಯ ಕಲ್ಲುದಾರಿಯಲ್ಲಿ ಒಂದು ಬೇಸಿಗೆಯೂ ಬಾಳುವುದಿಲ್ಲ. ಭುಜದ ಪಟ್ಟಿ ಅಗಲ ಇರಬೇಕು, ಅಂಚು ಮೆತ್ತಗಿರಬೇಕು. ಬೆನ್ನಿನ ಕಡೆ ಜಾಳಿಗೆ ಬಟ್ಟೆ ಇದ್ದರೆ ಗಾಳಿ ಆಡುತ್ತದೆ. ನಮ್ಮ ಬಿಸಿಲಿಗೆ ಅದಿಲ್ಲದಿದ್ದರೆ ಬೆನ್ನು ಬೆಂದ ಬದನೆಕಾಯಿ.

ಒಳಗಿನ ರಬ್ಬರ್ ಚೀಲದ ಬಾಯಿ ಕೈ ಹಿಡಿಸುವಷ್ಟು ಅಗಲ ಇರಬೇಕಂತೆ, ತೊಳೆಯಲಿಕ್ಕೆ. ಅದರಿಂದ ಹೊರಟ ಪೈಪು ಭುಜದ ಮೇಲಿಂದ ಬಾಯಿಯ ಹತ್ತಿರ ಬರುತ್ತದೆ. ತುದಿಯನ್ನು ಕಚ್ಚಿ ಹೀರಿದರೆ ನೀರು. ಬರೀ ನೀರು ತುಂಬಿರಪ್ಪಾ ಎಂದರೂ ಜನ ಕೇಳುವುದಿಲ್ಲ. ಒಬ್ಬ ಮಜ್ಜಿಗೆ ತುಂಬಿ ನಾರಿಸಿಕೊಂಡು ಬಂದ. ಹಿಪ್ಪರಗಿಯವನೊಬ್ಬ ಕಬ್ಬಿನ ಹಾಲು ತುಂಬಿ ಇರುವೆ ಹತ್ತಿಸಿಕೊಂಡು ಬಂದು, ನಿನ್ನ ಚೀಲ ಸರಿಯಿಲ್ಲ ಎಂದು ಜಗಳಕ್ಕೆ ನಿಂತಿದ್ದನಂತೆ.

ಸುವರ್ಣಾ ನಕ್ಕಳು. ಯಲ್ಲಾಲಿಂಗನೂ ನಕ್ಕ. ನಕ್ಕ ತಕ್ಷಣ ಇಬ್ಬರಿಗೂ ಗುರುಸಿದ್ದ ನೆನಪಾದ. ಅವಳು ಮತ್ತೆ ಹ್ಯಾಂಡಲ್ ಹಿಡಿದಳು.

ಅವಳು ಹೊತ್ತ ಚೀಲ ಬಗ್ಗಿದಾಗ ಒಂದು ಕಡೆಗೆ ಜಾರಿತು. “ಎದಿ ಕ್ಲಿಪ್ ಹಾಕ್ಕೊಳ್ರಿ,” ಎಂದ ಯಲ್ಲಾಲಿಂಗ. “ಇದರಾಗ ಜೀವ ಇರೂದ ಈ ಕ್ಲಿಪ್ನ್ಯಾಗ. ಇದು ಇಲ್ಲದ ಇಳಿಜಾರಿಗೆ ಬಿಟ್ರ ಎತ್ತು ಏರಿಗೆ, ಕ್ವಾಣ ನೀರಿಗೆ. ಬ್ಯಾಗು ಒಂದ ಕಡಿ, ನೀವು ಒಂದ ಕಡಿ.”

ಎರಡು ಭುಜದ ಪಟ್ಟಿಗಳನ್ನು ಎದೆಯ ಅಡ್ಡಕ್ಕೆ ಕೂಡಿಸುವ ಸಣ್ಣ ಪಟ್ಟಿ ಅದು. ಭುಜದ ಪಟ್ಟಿಯ ಉದ್ದಕ್ಕೂ ಮೇಲೆ ಕೆಳಗೆ ಸರಿಯುತ್ತಿತ್ತು. ಗಂಟಲಿನಿಂದ ನಾಲ್ಕು ಬೆರಳು ಕೆಳಗೆ ಇಟ್ಟುಕೊಳ್ಳಬೇಕೆಂದು ಅವನು ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದ. ಸುವರ್ಣಾ ಹಾಗೇ ಇಟ್ಟು ಕ್ಲಿಪ್ಪು ಒತ್ತಿದಳು.

ಒತ್ತಿದವಳು ಹಾ ಎಂದು ಬಿಚ್ಚಿದಳು. ಅವಳ ಕೊರಳಲ್ಲಿ ತಾಯಿ ಬಿಟ್ಟುಹೋದ ಬೆಳ್ಳಿಯ ಕರಡಿಗೆ ಇತ್ತು, ಒಳಗೆ ಲಿಂಗ. ಪಟ್ಟಿ ಸರಿಯಾಗಿ ಅದರ ಮೇಲೆ ಕೂತು ಎಲುಬಿಗೆ ಚುಚ್ಚಿತ್ತು.

ಎದೆ ತಿಕ್ಕಿಕೊಳ್ಳುತ್ತ ನಿಂತವಳ ತಲೆಯಲ್ಲಿ ಬೇರೆ ಏನೋ ಚುಚ್ಚತೊಡಗಿತು. ಒಂದು ಫೋನು ಮಾಡಬೇಕು ಎಂದು ಚೀಲ ಇಳಿಸಿ ಹೊರಗೆ ಬಂದಳು.

ಪ್ರೀತಿ ಕೂಡಲೇ ಎತ್ತಿದಳು. ಹಿಂದೆ ಪಾತ್ರೆಗಳ ಸದ್ದು, ನೆಂಟರ ಗದ್ದಲ. ನಾಳೆಯ ತಯಾರಿ ಜೋರಾಗಿಯೇ ನಡೆದಿತ್ತು. ನಿನ್ನ ಗಂಡ ಸೈಕಲ್ ಹೊಡೆಯುವಾಗ ಲಿಂಗ ತೆಗೆದಿಡುತ್ತಿದ್ದನೇ ಎಂದು ಸುವರ್ಣಾ ಕೇಳಿದಳು. ಪ್ರೀತಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಲಿಂಗ ಯಾರಾದರೂ ತೆಗೆದಿಡುತ್ತಾರೆಯೇ? ಮೀಯುವಾಗಲೂ ಮೈಮೇಲೆ, ಮಲಗುವಾಗಲೂ ಮೈಮೇಲೆ. ಮಾವನವರು ಮಾಡಿಸಿಕೊಟ್ಟ ದಪ್ಪ ಕರಡಿಗೆ ಬೇರೆ. ಚೀಲ ಕೊಂಡ ಹೊಸದರಲ್ಲಿ ಎದೆಯ ಪಟ್ಟಿ ಅದಕ್ಕೆ ಒತ್ತಿ ಗಾಯವಾಗಿ, ತಾನೇ ಎಣ್ಣೆ ಹಚ್ಚಿದ್ದಳಂತೆ. ಆವತ್ತೇ ಆ ಪಟ್ಟಿಯನ್ನು ತೀರ ಕೆಳಕ್ಕೆ ಸರಿಸಿಬಿಟ್ಟ, ಆಮೇಲೆ ಒಂದು ದಿನವೂ ಹಾಕಲಿಲ್ಲ ಎಂದಳು.

ಏನಾದರೂ ಗೊತ್ತಾಯಿತೇ ಎಂದು ಪ್ರೀತಿ ಕೇಳಿದಳು. ಸಂಜೆಯೊಳಗೆ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಧೈರ್ಯವಾಗಿರು ಎಂದು ಸುವರ್ಣಾ ಫೋನು ಇಟ್ಟಳು.

ಸ್ಕೂಟಿಯ ಡಿಕ್ಕಿಯಲ್ಲಿ ಪ್ರೀತಿ ಕೊಟ್ಟಿದ್ದ ಗುರುಸಿದ್ದನ ನೀಲಿ ಚೀಲ ಇತ್ತು. ತೆಗೆದು ಸೀಟಿನ ಮೇಲೆ ಹರವಿದಳು. ಎದೆಯ ಪಟ್ಟಿ ಮೇಲಿತ್ತು, ಗಂಟಲಿನಿಂದ ನಾಲ್ಕು ಬೆರಳು ಕೆಳಗೆ. ಭುಜದ ಪಟ್ಟಿಯ ತಳದಲ್ಲಿ ಬಿಸಿಲು ತಾಗದೆ ಉಳಿದ ಕಡುನೀಲಿ ಗುರುತು ಎದ್ದು ಕಾಣುತ್ತಿತ್ತು. ಎರಡು ವರ್ಷ ಆ ಪಟ್ಟಿ ಕೂತಿದ್ದ ಜಾಗ ಅದು.

ಕೊನೆಯ ಸವಾರಿಯ ದಿನ ಅದನ್ನು ಯಾರೋ ಮೇಲೆ ಏರಿಸಿದ್ದರು. ಎದೆಯ ಮೇಲೆ ಲಿಂಗ ಇಲ್ಲದ ಯಾರೋ. ಹಿಪ್ಪರಗಿಯ ದಂಡೆಗೆ ಈ ಚೀಲ ಹೊತ್ತು ಹೋದವನು ಗುರುಸಿದ್ದ ಅಲ್ಲವೇ ಅಲ್ಲ.

ಇನ್ನೊಂದು ಗುರುತೂ ಅದರ ಮೇಲಿತ್ತು. ಪೊಲೀಸರು ತಿರುಗಿ ಕೊಟ್ಟ ಚೀಲವನ್ನು ಗುರುಸಿದ್ದನ ತಾಯಿ ಸಾವಿತ್ರೆವ್ವ ತೊಳೆಯಲು ಕೂತಿದ್ದರು. ಭುಜದ ಪಟ್ಟಿಯ ಮೇಲಿನ ಹಳದಿ ಕಲೆಗೆ ಸಾಬೂನು ತಿಕ್ಕಿದ್ದೇ ತಡ, ಅದು ಕೆಂಪಗಾಯಿತು. ರಕ್ತ ಎಂದು ಕೈಯಲ್ಲಿದ್ದದ್ದನ್ನು ಬಿಟ್ಟು ಅಳತೊಡಗಿದರು, ಮನೆಯೆಲ್ಲ ಅತ್ತಿತು. ಮಗನನ್ನು ಕಳೆದುಕೊಂಡ ಕಣ್ಣು ಏನನ್ನು ತಾನೇ ನೋಡೀತು? ಇಲ್ಲದಿದ್ದರೆ ಅರಿಷಿಣಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ ಎಂಬುದು ಬಟ್ಟೆ ಒಗೆದ ಯಾವ ಹೆಂಗಸಿಗೆ ತಿಳಿಯದು!

ಗುರುಸಿದ್ದ ಹಣೆಗೆ ವಿಭೂತಿ ಹಚ್ಚುವವನು. ಅರಿಷಿಣ ಎಂದರೆ ಕುರುಬರ ದೇವರು ಬೀರಪ್ಪನ ಭಂಡಾರ, ಹಣೆಗೆ ಹಚ್ಚಿದ್ದು ಬೆವರಿಗೆ ಇಳಿದು ಪಟ್ಟಿಗೆ ತಾಗಿದ್ದು. ಇಷ್ಟು ಹೊಳೆದದ್ದೇ ಸುವರ್ಣಾ ಅಮಸಿದ್ದಪ್ಪನ ಬೆನ್ನು ಹತ್ತಿದ್ದಳು. ಹಿಪ್ಪರಗಿಯ ಆ ಕುರಿಗಾಹಿಯೇ ಸೈಕಲ್ಲು, ಚೀಲ ಮೊದಲು ಕಂಡವನು. ಹೆಲ್ಮೆಟ್ಟು ಹಾಕಿ ನೀಲಿ ಚೀಲ ಹೊತ್ತ ಒಬ್ಬ ಸವಾರ ದಂಡೆಯ ಮೇಲೆ ಒಬ್ಬನೇ ಹೋದದ್ದನ್ನು ದೂರದಿಂದ ನೋಡಿದ್ದೆ ಎಂದವನೂ ಅವನೇ. ಚೀಲವನ್ನು ಕೋಲಿನಲ್ಲಿ ಎತ್ತಿ ನೋಡಿದೆ, ಕೈಯಿಂದ ಮುಟ್ಟಿಲ್ಲ ಎಂದು ಪಾಪದ ಮುದುಕ ಬೀರಪ್ಪನ ಆಣೆ ಇಟ್ಟರೂ ಅವಳು ಬಿಟ್ಟಿರಲಿಲ್ಲ.

ಚೀಲವನ್ನು ಡಿಕ್ಕಿಗೆ ಹಾಕಿ ಅವಳು ಅಂಗಡಿಗೆ ತಿರುಗಿದಳು.

ಒಳಗೆ ಒಬ್ಬ ವಯಸ್ಸಾದ ಹೆಣ್ಣುಮಗಳು ಬಂದು ಕೂತಿದ್ದಳು. ಹಣೆಯ ತುಂಬ ಭಂಡಾರ. ಬುತ್ತಿಯ ಗಂಟನ್ನು ಬಿಚ್ಚುವ ಮೊದಲು ಸೆರಗಿನ ತುದಿಯಿಂದ ಚಿಟಿಕೆ ಅರಿಷಿಣ ತೆಗೆದು, ಬೀರಪ್ಪನ ಗುಡಿಯಿಂದ ಈಗ ಬಂದೆ ಎನ್ನುತ್ತ ಯಲ್ಲಾಲಿಂಗನ ಹಣೆಗೆ ಬಳಿದಳು. ಅವನು ಕಣ್ಣು ಮುಚ್ಚಿ, ಸಣ್ಣ ಹುಡುಗರು ನಿಲ್ಲುವಂತೆ ನಿಂತು ಹಚ್ಚಿಸಿಕೊಂಡ.

“ನಮ್ಮವ್ವರಿ,” ಎಂದ. “ಸೋಮವ್ವ.”

ಸುವರ್ಣಾಳ ಕಣ್ಣು ಅವನ ಹಣೆಯ ಹಳದಿಯ ಮೇಲೇ ನಿಂತಿತು.

ಮಗನ ಹೆಸರು ಚಂದ ಇದೆ ಎಂದು ಏನೋ ಒಂದು ಮಾತು ತೆಗೆದಳು. ಸೋಮವ್ವಳಿಗೆ ಅಷ್ಟೇ ಸಾಕಾಯಿತು. ಬಸಿರು ನಿಲ್ಲದೆ ಹೋದಾಗ ಮುಗಳಖೋಡದ ಮಠದ ಅಜ್ಜನಿಗೆ ಬೇಡಿಕೊಂಡು ಹೆತ್ತ ಮಗ, ಅದಕ್ಕೇ ಅಜ್ಜನ ಹೆಸರು. ಹೆಸರು ಕೇಳಿ ಜನ ನಮ್ಮನ್ನು ಲಿಂಗದವರು ಎಂದುಕೊಳ್ಳುತ್ತಾರೆ, ಹಾದಿಗೆ ಬಂದವರಿಗೆಲ್ಲ ಬಿಡಿಸಿ ಹೇಳುತ್ತ ಕೂಡಲು ಆಗುತ್ತದೆಯೇ ತಂಗಿ ಎಂದು ನಕ್ಕಳು.

ಹೆಸರು ಕೇಳಿ ಒಳಪಂಗಡ ಹೇಳುತ್ತೇನೆ ಎಂದು ಜಂಬ ಪಡುತ್ತಿದ್ದವಳು ಸುವರ್ಣಾ! ಗಂಡುಗಳ ವಿಚಾರಣೆಗೆ ಹೊರಟಾಗ ಅವಳ ಮೊದಲ ಅಸ್ತ್ರವೇ ಅದು. ಅಮಸಿದ್ದಪ್ಪ ಎಂಬ ಹೆಸರು ಕೇಳಿದ್ದೇ ಬೀರಪ್ಪನ ಒಕ್ಕಲು ಎಂದು ಹಿಡಿದು ಕೂತಳು. ಯಲ್ಲಾಲಿಂಗ ಎಂದ ಕೂಡಲೇ ತಮ್ಮವನೇ ಎಂದುಕೊಂಡು ಎದುರಿಗಿದ್ದವನನ್ನು ನೋಡದೇ ಬಿಟ್ಟಳು. ಬಗಲಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಸೋಮವ್ವ ಬುತ್ತಿ ಇಟ್ಟು ಹೋದಳು. ಸುವರ್ಣಾ ನೀಲಿ ಚೀಲ ತಂದು ಹೊಸ ಚೀಲಗಳ ಸಾಲಿನಲ್ಲೇ ಇಟ್ಟಳು.

“ಇದನ್ನ ಹೊಳಿದಂಡಿತನಕ ಹೊತ್ತಾವ ಯಾರಂತ ಗೊತ್ತಾತು ತಮ್ಮಾ.”

ಯಲ್ಲಾಲಿಂಗನ ಬಲಗೈ ತಾನಾಗಿಯೇ ಎಡಭುಜಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಗಾದೆ ಕಟ್ಟಿದವರು ಸುಮ್ಮನೆ ಕಟ್ಟಿಲ್ಲ. ಕೈ ಎಲ್ಲಿದೆ ಎಂದು ಅವನಿಗೆ ತಿಳಿದಾಗ ಕೆಳಗಿಳಿಸಿದ. ಅಷ್ಟರಲ್ಲಿ ಅವಳು ನೋಡಿ ಆಗಿತ್ತು.

“ಹಾಕ್ಕೋ,” ಎಂದಳು.

“ಸತ್ತವರದ್ದು ಹಾಕ್ಕೋಬಾರದರಿ.”

“ಸತ್ತಾನ ಅಂತ ನಿನಗ ಖರೇನ ಅನಸತೈತೇನು?”

ಅವನು ಚೀಲ ಎತ್ತಿ ಹಾಕಿಕೊಂಡ. ಹಾಕಿಕೊಂಡವನ ಕೈ ರೂಢಿಯಂತೆ ಎದೆಗೆ ಹೋಗಿ ಕ್ಲಿಪ್ಪು ಕೂಡಿಸಿತು. ಪಟ್ಟಿಯನ್ನು ಎಳೆಯಬೇಕಾಗಲಿಲ್ಲ, ಸಡಿಲಿಸಬೇಕಾಗಲಿಲ್ಲ. ಅವನ ಎದೆಗೇ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಗುರುಸಿದ್ದ ಈ ಕ್ಲಿಪ್ಪನ್ನು ಎಂದೂ ಹಾಕುತ್ತಿರಲಿಲ್ಲ ಎಂದು ಸುವರ್ಣಾ ನಿಧಾನವಾಗಿ ಹೇಳಿದಳು. ತಳದ ಕಡುನೀಲಿ ಗುರುತು ತೋರಿಸಿದಳು. ಕೆಂಪಾದ ಕಲೆಯನ್ನೂ, ಅವನ ಹಣೆಯ ಮೇಲಿನ ಹಸಿ ಭಂಡಾರವನ್ನೂ ತೋರಿಸಿದಳು. ಅವಳ ದನಿ ಏರಲಿಲ್ಲ. ಅಂಗಡಿಯಲ್ಲಿ ಇಬ್ಬರೇ ಇದ್ದರು, ಅವನ ಕೈಗೆಟುಕುವಲ್ಲಿ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಇತ್ತು. ಇವಳು ಇಲ್ಲಿಗೆ ಬಂದದ್ದು ಯಾರಿಗೂ ಗೊತ್ತಿರಲಿಲ್ಲ, ತಿರುಗಿ ಬರದಿದ್ದರೆ ಕಾಯುವವರು ಯಾರೂ ಇರಲಿಲ್ಲ.

“ಅವನ್ನ ಎಲ್ಲಿ ಹಾಕಿದಿ?” ಎಂದಳು.

ಯಲ್ಲಾಲಿಂಗ ಹಳೆಯ ಟೈರುಗಳ ರಾಶಿಯ ಮೇಲೆ ಕುಸಿದು ಕೂತ. ಕ್ಲಿಪ್ಪು ಬಿಚ್ಚದೆ ಚೀಲ ಹೊತ್ತೇ ಕೂತ.

“ನಾ ಕೊಂದಿಲ್ಲರಿ ಅಕ್ಕಾರ. ಅವ ಬದುಕ್ಯಾನ. ಅವನ ಹೇಳಿದ್ದ ಹಿಂಗ ಮಾಡಂತ.”

ಆಮೇಲೆ ಅವನು ಹೇಳಿದ್ದೆಲ್ಲ ತುಂಡು ತುಂಡಾಗಿ ಬಂತು. ಆವತ್ತು ನಸುಕಿನಲ್ಲಿ ಹುನ್ನೂರ ಗುಡ್ಡದ ಹತ್ತಿರ ಬಾ ಎಂದು ಗುರುಸಿದ್ದ ಕರೆದಿದ್ದ. ಯಲ್ಲಾಲಿಂಗ ತನ್ನ ಮೋಟರ್ ಸೈಕಲ್ಲಿನಲ್ಲಿ ಹೋದ. ಗುರುಸಿದ್ದ ತನ್ನ ಹೆಲ್ಮೆಟ್ಟು, ಚೀಲ, ಸೈಕಲ್ಲು ಇವನಿಗೆ ಒಪ್ಪಿಸಿದ. ಎಲ್ಲವನ್ನೂ ಹಿಪ್ಪರಗಿಯ ದಂಡೆಯ ಮೇಲೆ ಬಿಟ್ಟು ಕಬ್ಬಿನೊಳಗಿಂದ ನಡೆದುಬಿಡು, ನಾನು ಸತ್ತೆ ಎಂದು ಮನೆಯವರು ಒಂದು ತಿಂಗಳು ನಂಬಲಿ ಎಂದ. ಅಪ್ಪನ ಕೈಕೆಳಗೆ ಆ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ, ಬೇರೆ ಊರಲ್ಲಿ ನೆಲೆಯಾಗಿ ಪ್ರೀತಿಯನ್ನು ಕರೆದುಕೊಳ್ಳುತ್ತೇನೆ ಎಂದ. ಇವನ ಮೋಟರ್ ಸೈಕಲ್ ಹತ್ತಿ ಮುಧೋಳದ ಕಡೆ ಹೋದ. ಮರುದಿನ ಆ ಗಾಡಿ ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ನಿಂತಿತ್ತು. ಒಂದು ವಾರದಲ್ಲಿ ಫೋನು ಮಾಡುತ್ತೇನೆ ಎಂದವನು ಮಾಡಲೇ ಇಲ್ಲ.

ಅಷ್ಟು ಹೇಳಿದ್ದಕ್ಕೆ ನೀನು ಕುರಿಯ ಹಾಗೆ ಹೊರಟೆಯಾ ಎಂದು ಸುವರ್ಣಾ ರೇಗಿದಳು. ಇಲ್ಲಿ ಒಬ್ಬಳ ಕೊರಳು ಬರಿದಾಗುವುದರಲ್ಲಿದೆ, ತಿಂಗಳಿಂದ ನೀನು ಟೈರಿಗೆ ಗಾಳಿ ತುಂಬುತ್ತ ಕೂತಿದ್ದೀಯಾ ಎಂದು ಕೇಳಿದಳು.

“ಏನಂತ ಹೇಳ್ಲಿರಿ? ಹೇಳಿದ್ರ ಕೊಂದಾವ ನಾನ ಅಂತಿದ್ರು.” ಅವನು ಮುಖ ಒರೆಸಿಕೊಂಡ. ಭಂಡಾರ ಕೈಗೆ ಬಂತು. “ಈ ಊರಾಗ ನನ್ನ ಜೊತಿ ಗುಡ್ಡ ಹತ್ತಾವ ಅವನೊಬ್ಬನ ಇದ್ದ ಅಕ್ಕಾರ. ಈಗೂ ಇಳಿಜಾರಿಗೆ ಬ್ರೇಕ್ ಹಿಡಿತೀನಿ, ಹಿಂದ ಬರ್ತಾನ ಅಂತ. ಅವ ಕೇಳಿದ್ಮ್ಯಾಲ ಹ್ಯಾಂಗ ಒಲ್ಲೆ ಅನ್ಲಿ?”

ಸುವರ್ಣಾಳ ಸಿಟ್ಟು ಅರ್ಧಕ್ಕೇ ನಿಂತಿತು. ಒಬ್ಬನೇ ಒಬ್ಬ ಗೆಳೆಯ ಇದ್ದವನು ಆ ಗೆಳೆಯ ಬಾವಿಗೆ ಹಾರು ಎಂದರೂ ಹಾರುತ್ತಾನೆ. ಅವಳಿಗೆ ಅಂಥವರೂ ಇರಲಿಲ್ಲವಲ್ಲ. ಬಯ್ಯುವ ಹಕ್ಕು ಎಲ್ಲಿಂದ ಬರಬೇಕು?

ಆದರೂ ಕಸುಬು ಕಸುಬೇ. ಸಿಕ್ಕಾಗ ಒಳಚೀಲ ಒಣಗಿತ್ತಲ್ಲ, ನೀರು ನೀನು ಕುಡಿದೆಯಾ ಎಂದು ಕೇಳಿದಳು.

ಇಲ್ಲ ಎಂದ. ಗ್ಲೂಕೋಸ್ ಹಾಕಿ ತುಂಬಿದ್ದೇನೆ, ಬಿಸಿಲು ಏರುತ್ತದೆ, ದಂಡೆ ಮುಟ್ಟುವುದರೊಳಗೆ ಎಲ್ಲ ಕುಡಿದು ಮುಗಿಸು ಎಂದು ಗುರುಸಿದ್ದ ಎರಡು ಸಲ ಹೇಳಿದ್ದನಂತೆ. ಇನ್ನೊಬ್ಬರ ಬಾಯಲ್ಲಿ ಆಡಿದ ಪೈಪನ್ನು ಬಾಯಲ್ಲಿ ಇಡುವುದೆಂದರೆ ಇವನಿಗೆ ಹೇಸಿಕೆ. ಎಂಜಲು ಎಂಜಲೇ, ಗೆಳೆಯನದ್ದಾದರೇನು. ಹಾದಿಯಲ್ಲಿ ಯಾರದೋ ಹೊಲದ ಬೋರಿನ ನೀರು ಕುಡಿದು, ಚೀಲದ್ದನ್ನು ದಂಡೆಯ ಕಲ್ಲಿನ ಮೇಲೆ ಸುರಿದು ಬಂದೆ ಎಂದ.

ಸುವರ್ಣಾ ಅವನ ಎದೆಯ ಕ್ಲಿಪ್ಪನ್ನು ತಾನೇ ಬಿಚ್ಚಿದಳು. “ಏಳು. ಇದನ್ನ ಪ್ರೀತಿ ಮುಂದ ಬಂದು ಹೇಳು. ನಾಳಿ ಮುಂಜಾನಿ ಅವರು ಅಕಿ ತಾಳಿ ತಗಸೂದರಾಗ ಹೇಳು.”

ಅವನು ಎದ್ದ. ಬುತ್ತಿ ಹಾಗೇ ಇತ್ತು. ಶಟರ್ ಎಳೆದು ಬೀಗ ಹಾಕುವಾಗ, ಮತ್ತೆ ಯಾವಾಗ ತೆಗೆಯುತ್ತೇನೋ ಎಂಬಂತೆ ಒಂದು ಸಲ ಒಳಗೆ ನೋಡಿದ.

ಸ್ಕೂಟಿ ರಬಕವಿಯ ದಾರಿ ಹಿಡಿಯಿತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ ಹೋದರು. ಬನಹಟ್ಟಿಯ ಓಣಿಗಳಿಂದ ಮಗ್ಗದ ಸದ್ದು ಎರಡೂ ಕಡೆ ಬಡಿಯುತ್ತಿತ್ತು. ಸುವರ್ಣಾಳಿಗೆ ಬಹಳ ದಿನಗಳ ಮೇಲೆ ಯಾರಿಗೋ ಒಳ್ಳೆಯ ಸುದ್ದಿ ಒಯ್ಯುತ್ತಿದ್ದೇನೆ ಅನಿಸಿತು. ಗಂಡ ಓಡಿಹೋಗಿದ್ದಾನೆ ಎಂಬುದು ಒಳ್ಳೆಯ ಸುದ್ದಿಯೇ? ಸತ್ತಿದ್ದಾನೆ ಎಂಬುದಕ್ಕಿಂತ ಒಳ್ಳೆಯದೇ ಸೈ. ಬದುಕಿದ್ದಾನೆ ಎಂದ ಕೂಡಲೇ ಪ್ರೀತಿಯ ಮುಖ ಹೇಗಾದೀತು ಎಂದು ಹಾದಿಯುದ್ದಕ್ಕೂ ನೆನೆಸಿಕೊಂಡಳು. ಬೇರೆಯವರ ಸುಖ ನೆನೆಸಿ ತಾನು ಬೆಚ್ಚಗಾಗುವುದು ಅವಳಿಗೆ ಹಳೆಯ ಚಟ.

ಶಂಕರೆಪ್ಪನವರ ಮನೆಯ ಅಂಗಳದಲ್ಲಿ ಜಮಖಾನೆ ಹಾಸಿ ಗಂಡಸರು ಕೂತಿದ್ದರು. ಒಳಗೆ ಹೆಂಗಸರು. ಇವರಿಬ್ಬರನ್ನು ಯಾರೂ ಏನೂ ಕೇಳಲಿಲ್ಲ. ದುಃಖದ ಮನೆಗೆ ಬಂದವರನ್ನು ಯಾರು ನೀವು ಎಂದು ಯಾರು ಕೇಳುತ್ತಾರೆ? ಪ್ರೀತಿ ಹಿತ್ತಲಲ್ಲಿದ್ದಾಳೆ ಎಂದು ಯಾರೋ ಕೈ ಮಾಡಿದರು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪ್ರೀತಿ ಒಬ್ಬಳೇ ಕೂತಿದ್ದಳು. ಮನೆಯ ಮೂವತ್ತು ಜನರಲ್ಲಿ ಒಬ್ಬರೂ ಅವಳ ಹತ್ತಿರ ಇರಲಿಲ್ಲ. ಮಡಿಲಲ್ಲಿ ಮೊಬೈಲು. ಕಣ್ಣಲ್ಲಿ ನೀರಿರಲಿಲ್ಲ.

ಕೊರಳು ಬರಿದಾಗಿತ್ತು.

“ಇದೇನ ಪ್ರೀತಿ?” ಸುವರ್ಣಾಳ ಕಾಲು ಅಲ್ಲೇ ನಿಂತವು. “ನಾಳಿ ಅಂದಿದ್ರಲ್ಲ. ಯಾರು ತಗದ್ರು? ಅವ ಸತ್ತಿಲ್ಲ ತಂಗಿ, ಅದನ್ನ ಹೇಳಾಕ ಬಂದೇನಿ.”

“ಗೊತ್ತೈತ್ರಿ ಅಕ್ಕಾರ,” ಎಂದಳು ಪ್ರೀತಿ. “ನಾನ ತಗದೀನಿ. ಸತ್ತಾರ ಅಂತ ಗೊತ್ತಾಗಿದ್ರ ಅತ್ಕೋಂತ ತಗೀತಿದ್ದೆ. ಬದುಕ್ಯಾರ ಅಂತ ಗೊತ್ತಾತು. ಅಳಲಾರದ ತಗದೀನಿ.”

ಮಧ್ಯಾಹ್ನ ನೀವು ಫೋನು ಇಟ್ಟ ಮೇಲೆ ಇನ್ನೊಂದು ಬಂತು ಎಂದಳು. ಗೊತ್ತಿಲ್ಲದ ನಂಬರು. ದನಿ ಕೇಳಿದ ಕೂಡಲೇ ಗಂಡನದೇ ಎಂದು ಗುರುತು ಹತ್ತಿತಂತೆ. ಯಾರಿಗೂ ಹೇಳಬೇಡ ಎಂದನಂತೆ. ಹೇಗಿದ್ದೀ ಎಂದು ಕೇಳಲಿಲ್ಲವಂತೆ, ಅಪ್ಪ ಅವ್ವ ಹೇಗಿದ್ದಾರೆ ಎಂದೂ ಕೇಳಲಿಲ್ಲವಂತೆ.

“ಮತ್ತ ಏನ ಕೇಳಿದ?”

ಪ್ರೀತಿ ಸುವರ್ಣಾಳನ್ನು ನೋಡಲಿಲ್ಲ. ಅವಳ ಹಿಂದೆ, ಹಿತ್ತಲ ಬಾಗಿಲಲ್ಲಿ ಚಪ್ಪಲಿ ಕಳೆದು ನಿಂತಿದ್ದ ಯಲ್ಲಾಲಿಂಗನನ್ನು ನೋಡಿದಳು.

“‘ನನ್ನ ಹೆಣ ಸಿಕ್ಕತೇನು?’ ಅಂದ್ರು. ಯಾರ ಹೆಣಾನೂ ಸಿಕ್ಕಿಲ್ಲ ಅಂದೆ. ಆಮ್ಯಾಲ, ‘ಹಂಗಾರ ಯಲ್ಲಾಲಿಂಗ ಬದುಕ್ಯಾನೇನು?’ ಅಂದ್ರು.”

ಯಲ್ಲಾಲಿಂಗ ಗೋಡೆಗೆ ಒರಗಿದ. “ಎಲ್ಲಾ ಕುಡದ ಮುಗಸು ಅಂತ ಎರಡ ಸಲ ಹೇಳಿದ್ದರಿ,” ಎಂದ.

“ನಾ ಏನೂ ಹೇಳಲಿಲ್ಲ. ಯಾರನ್ನರ ಕೇಳಿ ತಿಳ್ಕೊಂಡಿರು, ಹೊತ್ತು ಮುಳಗೂದ್ರಾಗ ಮತ್ತ ಮಾಡ್ತೀನಿ ಅಂದಾರ.” ಪ್ರೀತಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ಎತ್ತಿದಳು. “ಏನಂತ ಹೇಳ್ಲಿ ಅಕ್ಕಾರ? ಬದುಕ್ಯಾನ ಅನ್ಲೋ, ಸತ್ತಾನ ಅನ್ಲೋ?”